ಬಾಡಿಗೆ ವಾಹನಗಳ ಓಡಾಟದ ಲೆಕ್ಕ

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಂತಹ ಗ್ರಾಮಗಳಲ್ಲಿ ಟ್ರ್ಯಾಕ್ಟರನ್ನು ಇಟ್ಟುಕೊಂಡಿರುವ ಜಮೀನುದಾರರು ಅದರಿಂದ ಎರಡು ಬಗೆಯ ಕೆಲಸವನ್ನು ಮಾಡಿಸುವುದುಂಟು. ಬೆಳಿಗ್ಗೆ ಸ್ವಂತ ಗದ್ದೆಯನ್ನು ಉಳುವ ಯಂತ್ರವೇ ಮಧ್ಯಾಹ್ನ ನೆರೆಯವರ ಹೊಲವನ್ನು ಬಾಡಿಗೆಗೆ ಉಳುವುದು. ಕಬ್ಬು ಕಡಿಯುವ ಕಾಲದಲ್ಲಿ ಅನ್ಯರ ಕಬ್ಬನ್ನು ಮಾಕವಳ್ಳಿಯ ಸಕ್ಕರೆ ಕಾರ್ಖಾನೆಗೆ ಸಾಗಿಸುವುದು. ವರಮಾನ ತೆರಿಗೆಯ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ. ಸ್ವಂತ ಬೇಸಾಯದ ಆದಾಯಕ್ಕೆ ಈ ತೆರಿಗೆಯಿಲ್ಲ; ಆದಕಾರಣ ಅದಕ್ಕೆ ತಗಲಿದ ವೆಚ್ಚವನ್ನು ಬೇರೆ ಆದಾಯದಲ್ಲಿ ಕಳೆಯಲೂ ಬಾರದು. ಬಾಡಿಗೆಯ ಹಣವಾದರೋ ವ್ಯಾಪಾರದ ಆದಾಯವು. ಅದನ್ನು ಗಳಿಸಲು ಆದ ಡೀಸೆಲ್, ರಿಪೇರಿ, ವಿಮೆ, ಚಾಲಕನ ಸಂಬಳ, ಸಾಲದ ಬಡ್ಡಿ ಮತ್ತು ಯಂತ್ರದ ಸವಕಳಿ ಇವುಗಳನ್ನು ಕಳೆದು ಉಳಿದ ಲಾಭಕ್ಕೆ ಮಾತ್ರ ತೆರಿಗೆ. ಸಾಲದ ಅಸಲಿನ ಕಂತನ್ನು ವೆಚ್ಚವೆಂದು ಬರೆಯುವುದು ಅನೇಕರು ಮಾಡುವ ತಪ್ಪು, ಅಸಲಿಗೆ ವಿನಾಯಿತಿಯಿಲ್ಲ.

ಒಂದೇ ವಾಹನವು ಎರಡು ಕಡೆಗೂ ದುಡಿದಾಗ ವ್ಯಾಪಾರದ ಪಾಲಿನಷ್ಟು ವೆಚ್ಚವನ್ನು ಮಾತ್ರ ಕಳೆಯತಕ್ಕದ್ದು. ದೃಷ್ಟಾಂತಕ್ಕೆ, ಟ್ರ್ಯಾಕ್ಟರು ವರ್ಷದಲ್ಲಿ 800 ಗಂಟೆ ದುಡಿದು, ಅದರಲ್ಲಿ 480 ಗಂಟೆ ಬಾಡಿಗೆಯದಾಗಿದ್ದು, ಒಟ್ಟು ವೆಚ್ಚವು 2,40,000 ರೂಪಾಯಿಯಾದರೆ, ನೂರಕ್ಕೆ 60ರಂತೆ 1,44,000 ರೂಪಾಯಿ ಸಲ್ಲುವುದು. ಈ 480 ಗಂಟೆಗೆ ಪುರಾವೆ ಯಾವುದು? ಪುಸ್ತಕವಿಲ್ಲದಿದ್ದರೆ ಅಧಿಕಾರಿಯು ತನಗೆ ಯುಕ್ತವೆಂದು ತೋರಿದ ಪಾಲನ್ನು ನಿಗದಿಮಾಡಬಹುದು. ಅದು ಅರ್ಧಕ್ಕೆ ಇಳಿದರೂ 24,000 ರೂಪಾಯಿಗಳಷ್ಟು ನಿಜವಾದ ವೆಚ್ಚವು ಲೆಕ್ಕದಿಂದ ಬಿದ್ದುಹೋಗುವುದು.

ಪುಸ್ತಕಕ್ಕೆ ಸಾಧಾರಣ ನೋಟುಪುಸ್ತಕವೇ ಸಾಕು. ತಾರೀಖು, ಹೊರಡುವಾಗಿನ ಮತ್ತು ಹಿಂದಿರುಗಿದಾಗಿನ ಮೀಟರಿನ ಅಂಕಿ, ಹೋದ ಸ್ಥಳ, ಯಾರ ಕೆಲಸ, ಬಂದ ಬಾಡಿಗೆ, ಹಾಕಿಸಿದ ಡೀಸೆಲ್ ಇಷ್ಟನ್ನು ಅದೇ ದಿನ ಸಂಜೆ ಬರೆಯಬೇಕು. ಟ್ರ್ಯಾಕ್ಟರಿಗೆ ಗಂಟೆಯ ಮೀಟರನ್ನೂ, ಕಾರು ಪಿಕಪ್ ಮುಂತಾದವುಗಳಿಗೆ ಕಿಲೋಮೀಟರನ್ನೂ ಹಿಡಿಯುವುದು ಲೇಸು. ಮದುವೆಗೋ ಜಾತ್ರೆಗೋ ಹೋದ ದಿನವನ್ನೂ ಮುಚ್ಚದೆ ಬರೆಯಬೇಕು. ವರ್ಷವೆಲ್ಲ ವ್ಯಾಪಾರದ ಓಡಾಟವನ್ನೇ ತೋರಿಸುವ ಪುಸ್ತಕವನ್ನು ಯಾರೂ ನಂಬರು; ಮಾರ್ಚಿಯಲ್ಲಿ ಕುಳಿತು ಒಂದೇ ಲೇಖನಿಯಿಂದ ಹನ್ನೆರಡು ತಿಂಗಳನ್ನು ತುಂಬಿಸಿದುದೂ ಹಾಗೆಯೇ. ಬೆಲ್ಲವನ್ನು ಕೊಂಡು ಮಾರುವವನು ಮಂಡ್ಯದ ಮಾರುಕಟ್ಟೆಗೆ ಹೋಗಿ, ಬರುವಾಗ ನೆಂಟರ ಮನೆಗೆ ಸುತ್ತಿ ಬಂದರೆ, ಆ ಸುತ್ತಿನ ಕಿಲೋಮೀಟರನ್ನು ಸ್ವಂತದ್ದೆಂದು ಬೇರೆ ಮಾಡುವುದು ನ್ಯಾಯವು.

ರಶೀದಿಗಳನ್ನು ಪುಸ್ತಕದೊಂದಿಗೇ ಇಡಬೇಕು. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗೆ ಮೇಲ್ಪಟ್ಟು ನಗದಾಗಿ ಕೊಟ್ಟ ವೆಚ್ಚವು ಸಾಮಾನ್ಯವಾಗಿ ಲೆಕ್ಕಕ್ಕೆ ಸಲ್ಲದು; ಬ್ಯಾಂಕಿನ ಮೂಲಕ ಪಾವತಿ ಮಾಡಬೇಕು.

ಹತ್ತಕ್ಕೆ ಮೀರದ ಸರಕು ಲಾರಿಗಳುಳ್ಳವರಿಗೆ ಬೇರೊಂದು ಮಾರ್ಗವುಂಟು. ಒಟ್ಟು ತೂಕವು 12,000 ಕಿಲೋಗ್ರಾಮಿಗೆ ಮೀರದ ವಾಹನಕ್ಕೆ ತಿಂಗಳಿಗೆ 7,500 ರೂಪಾಯಿ ಲಾಭವೆಂದು ಒಪ್ಪಿಕೊಂಡರೆ ಡೀಸೆಲ್, ಸವಕಳಿ ಮುಂತಾದವನ್ನು ಬೇರೆಯಾಗಿ ಕಳೆಯುವಂತಿಲ್ಲ, ವೆಚ್ಚದ ಪುಸ್ತಕವನ್ನು ತೋರಿಸಬೇಕಾದುದೂ ಇಲ್ಲ. ಆದರೆ ವಾಹನವು ನಿಂತೇ ಇದ್ದ ತಿಂಗಳಿಗೂ ಈ ಮೊತ್ತವು ತಪ್ಪದು. ಯಾವುದು ಲಾಭಕರವೆಂಬುದನ್ನು ಒಂದು ವರ್ಷದ ಓಡಾಟವನ್ನು ಬರೆದಿಟ್ಟವನೇ ಹೇಳಬಲ್ಲನು.