ನಾದದ ಸಮತೋಲನ

ಕಚೇರಿ ಆರಂಭವಾಗುವ ಮುನ್ನ ಮೃದಂಗ ವಾದಕನು ತನ್ನ ವಾದ್ಯದ ಎಡಮುಖದ ನಡುವೆ ನಾದಿದ ರವೆಯನ್ನು ಮೆತ್ತುತ್ತಾನೆ. ಹಾಗೆ ಮೆತ್ತಿದೊಡನೆ ಆ ಮುಖದಿಂದ ಗಂಭೀರವಾದ ಮಂದ್ರನಾದ ಹೊರಹೊಮ್ಮುತ್ತದೆ. ಬಲಮುಖದ ಅಂಚನ್ನು ತಟ್ಟಿ ತಟ್ಟಿ ಶ್ರುತಿಗೆ ಸೇರಿಸುತ್ತಾನೆ. ವಾದ್ಯ ಅದೇ, ಆದರೆ ನಾದ ಬೇರೆಯಾಗುತ್ತದೆ. ಇರುವ ಸಾಧನವನ್ನು ಎಸೆಯದೆ, ಅದರ ಗುಣದೋಷಗಳನ್ನು ಅರಿತು ನಾದವನ್ನು ತಿದ್ದಿಕೊಳ್ಳುವ ಈ ವಿವೇಕ ನಮ್ಮ ಸಂಗೀತಗಾರರಿಗೆ ಹೊಸದಲ್ಲ. ವಿದ್ಯುನ್ಮಾನ ಯುಗದಲ್ಲಿ ಇದೇ ಕೆಲಸವನ್ನು ಮಾಡುವ ಉಪಾಯಕ್ಕೆ ‘ಈಕ್ವಲೈಸರ್’ ಎಂದು ಹೆಸರು. ಹತ್ತಾರು ವರ್ಷ ಹಳೆಯದಾದ ಹೆಡ್‌ಫೋನಿನ ದನಿಯನ್ನೂ ಕಂಪ್ಯೂಟರಿನ ತಂತ್ರಾಂಶವೊಂದರಿಂದ ಸುಧಾರಿಸಲು ಇಂದು ಸಾಧ್ಯವಾಗಿದೆ.

ಈ ಉಪಾಯವನ್ನು ತಿಳಿಯಬೇಕಾದರೆ ಮೊದಲು ಶಬ್ದದ ಸ್ವರೂಪವನ್ನು ತಿಳಿಯಬೇಕು. ಕಂಪನವೇ ಶಬ್ದದ ಮೂಲ. ಒಂದು ಸೆಕೆಂಡಿನಲ್ಲಿ ಆಗುವ ಕಂಪನಗಳ ಸಂಖ್ಯೆಯೇ ಆವೃತ್ತಿ. ಇದನ್ನು ಹರ್ಟ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ಆರೋಗ್ಯವಂತ ಎಳೆಯ ಕಿವಿಯು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಶಬ್ದಗಳನ್ನು ಗ್ರಹಿಸಬಲ್ಲುದು. ಗುಡುಗಿನ ಮೊಳಗು ಈ ಶ್ರೇಣಿಯ ಕೆಳತುದಿಯಲ್ಲಿದೆ. ತಾಳದ ಝಣತ್ಕಾರ ಮೇಲ್ಭಾಗದಲ್ಲಿದೆ. ಇವೆಲ್ಲವನ್ನೂ ಮೂಲದಲ್ಲಿದ್ದ ಪ್ರಮಾಣದಲ್ಲಿಯೇ ಕಿವಿಗೆ ತಲುಪಿಸುವುದು ಹೆಡ್‌ಫೋನಿನ ಕರ್ತವ್ಯ. ಆದರೆ ಲೋಕದಲ್ಲಿ ಯಾವ ಹೆಡ್‌ಫೋನೂ ಈ ಕರ್ತವ್ಯವನ್ನು ಲೋಪವಿಲ್ಲದೆ ನೆರವೇರಿಸುವುದಿಲ್ಲ. ಒಂದು ಮಂದ್ರವನ್ನು ನುಂಗಿದರೆ ಮತ್ತೊಂದು ತಾರವನ್ನು ಅತಿಯಾಗಿ ಮೆರೆಸುತ್ತದೆ.

ಈ ಲೋಪವನ್ನು ಮೊದಲು ಎದುರಿಸಿದವರಲ್ಲಿ ದೂರವಾಣಿಯ ಎಂಜಿನಿಯರುಗಳು ಸೇರಿದ್ದಾರೆ. ಮೈಲಿಗಟ್ಟಲೆ ತಂತಿಯಲ್ಲಿ ಮಾತು ಸಾಗುವಾಗ ಹೆಚ್ಚು ಆವೃತ್ತಿಯ ಶಬ್ದಗಳು ಬೇಗ ಸೊರಗುತ್ತಿದ್ದವು. ಕೇಳುವವನಿಗೆ ದನಿ ಮುಸುಕಿನೊಳಗಿಂದ ಬಂದಂತೆ ಕೇಳುತ್ತಿತ್ತು. ಸೊರಗಿದ ಭಾಗವನ್ನು ಉಳಿದ ಭಾಗಕ್ಕೆ ಸಮನಾಗಿಸುವ ಮಂಡಲಗಳನ್ನು ಅವರು ತಂತಿಗೆ ಜೋಡಿಸಿದರು. ಸಮ ಮಾಡುವುದರಿಂದ ಅದಕ್ಕೆ ಈಕ್ವಲೈಸರ್ ಎಂಬ ಹೆಸರು ಬಂದಿತು. ಮುಂದೆ ಧ್ವನಿಮುದ್ರಣ ಶಾಲೆಗಳೂ ಈ ಸಾಧನವನ್ನು ಕೈಗೆತ್ತಿಕೊಂಡವು. 1972ರಲ್ಲಿ ಅಮೆರಿಕದ ಜಾರ್ಜ್ ಮ್ಯಾಸೆನ್‌ಬರ್ಗ್ ಅವರು ‘ಪ್ಯಾರಾಮೆಟ್ರಿಕ್’ ಈಕ್ವಲೈಸರನ್ನು ಕುರಿತು ಪ್ರಬಂಧ ಮಂಡಿಸಿದರು. ಯಾವ ಆವೃತ್ತಿಯನ್ನು ತಿದ್ದಬೇಕು, ಎಷ್ಟು ತಿದ್ದಬೇಕು, ಅದರ ಅಕ್ಕಪಕ್ಕದ ಎಷ್ಟು ಅಗಲಕ್ಕೆ ತಿದ್ದಬೇಕು ಎಂಬ ಮೂರನ್ನೂ ಬೇರೆ ಬೇರೆಯಾಗಿ ನಿಯಂತ್ರಿಸುವ ವಿಧಾನ ಅದು. ಅಂದು ತಂತಿ, ಸುರುಳಿಗಳಿಂದ ಮಾಡುತ್ತಿದ್ದ ಈ ಕಾರ್ಯವನ್ನು ಇಂದು ಗಣಿತವೇ ಮಾಡುತ್ತದೆ. ಕಂಪ್ಯೂಟರಿನಲ್ಲಿ ಸಂಗೀತವು ಸಂಖ್ಯೆಗಳ ಸಾಲಾಗಿರುತ್ತದೆ; ಸಿ.ಡಿ.ಯ ಸಂಗೀತದಲ್ಲಿ ಪ್ರತಿ ಸೆಕೆಂಡಿಗೆ, ಪ್ರತಿ ಕಿವಿಗೆ 44,100 ಸಂಖ್ಯೆಗಳು. ಸಂಗೀತ ಹರಿಯುತ್ತಿರುವಾಗಲೇ ತಂತ್ರಾಂಶವು ಈ ಸಂಖ್ಯೆಗಳನ್ನು ಲೆಕ್ಕಹಾಕಿ ಬದಲಾಯಿಸುತ್ತದೆ.

ಒಂದು ನಿದರ್ಶನವನ್ನು ನೋಡೋಣ. ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯು 1997ರಲ್ಲಿ ಎಚ್‌ಡಿ 600 ಎಂಬ ಹೆಡ್‌ಫೋನನ್ನು ಹೊರತಂದಿತು. ಮನುಷ್ಯರ ಕಂಠವನ್ನು ಸಹಜವಾಗಿ ಕೇಳಿಸುವುದರಲ್ಲಿ ಅದು ಹೆಸರು ಗಳಿಸಿತು. ಆದರೆ ಅದರ ಹಿಂಬದಿಯು ಜಾಲರಿಯಿಂದ ಕೂಡಿ ತೆರೆದಿದೆ. ಇದರಿಂದ ನಾದಕ್ಕೆ ಬಯಲಿನ ಸಹಜತೆ ದೊರೆಯುತ್ತದೆ. ಜೊತೆಗೆ ಒಂದು ನಷ್ಟವೂ ಉಂಟು. ಪೊರೆಯ ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದಕ್ಕೊಂದು ವಿರುದ್ಧವಾಗಿರುವುದರಿಂದ, ಅತಿ ಮಂದ್ರದಲ್ಲಿ ಅವು ಪರಸ್ಪರ ಸೇರಿ ತಗ್ಗುತ್ತವೆ. ಆದುದರಿಂದ ಸುಮಾರು 100 ಹರ್ಟ್ಸ್‌ಗಿಂತ ಕೆಳಗೆ ಇದರ ದನಿ ಕ್ರಮೇಣ ಇಳಿಯುತ್ತದೆ. ಮೃದಂಗದ ಎಡಮುಖದ ಗುಂಕಾರ ಕೇಳುತ್ತದೆ, ಆದರೆ ಅದರ ತೂಕ ಕಡಿಮೆಯಾಗುತ್ತದೆ.

ಹಾಗಾದರೆ ಎಷ್ಟು ಏರಿಸಿದರೆ ಸರಿ? ಎಲ್ಲ ಆವೃತ್ತಿಗಳನ್ನೂ ನೇರ ಗೆರೆಯಂತೆ ಸಮ ಮಾಡಿದರಾಯಿತು ಎಂದು ಮೇಲ್ನೋಟಕ್ಕೆ ತೋರಬಹುದು. ಅದು ಸರಿಯಲ್ಲ. ಹೊರಗಿನಿಂದ ಬರುವ ಶಬ್ದವನ್ನು ನಮ್ಮ ಕಿವಿಯ ಹಾಲೆಯೂ ನಾಳವೂ 3,000 ಹರ್ಟ್ಸ್‌ನ ಆಸುಪಾಸಿನಲ್ಲಿ ಸಹಜವಾಗಿಯೇ ಹಿಗ್ಗಿಸುತ್ತವೆ. ಕಿವಿಯ ಮೇಲೆಯೇ ಕುಳಿತ ಹೆಡ್‌ಫೋನು ಈ ಏರಿಕೆಯನ್ನು ತಕ್ಕಮಟ್ಟಿಗೆ ತಾನೇ ಒದಗಿಸಬೇಕಾಗುತ್ತದೆ. ಅಮೆರಿಕದ ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಎಂಬ ಸಂಶೋಧಕರು 2012ರ ಸುಮಾರಿನಿಂದ ಅನೇಕ ಶ್ರೋತೃಗಳ ಮೇಲೆ ಪ್ರಯೋಗ ನಡೆಸಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಧ್ವನಿವರ್ಧಕವನ್ನು ಕೇಳಿದಂತಿರುವ ದನಿಯನ್ನೇ ಹೆಚ್ಚು ಮಂದಿ ಮೆಚ್ಚುತ್ತಾರೆಂದು ಕಂಡುಬಂದಿತು. ಅಂತಹ ದನಿಯ ನಕ್ಷೆಯನ್ನು ಗುರಿಯಾಗಿಟ್ಟುಕೊಂಡು, ಹೆಡ್‌ಫೋನಿನ ಅಳತೆಯ ನಕ್ಷೆಯನ್ನು ಅದರ ಪಕ್ಕದಲ್ಲಿರಿಸಿದರೆ, ಎಲ್ಲಿ ಕೊರತೆ, ಎಲ್ಲಿ ಅತಿರೇಕ ಎಂಬುದು ಕಣ್ಣಿಗೇ ಕಾಣುತ್ತದೆ.

ಆದರೆ ತಂತ್ರಾಂಶಕ್ಕೆ ಕೈಯಿಕ್ಕುವ ಮೊದಲು ಸಾಧನವನ್ನು ಪರೀಕ್ಷಿಸಬೇಕು. ಹಳೆಯ ಹೆಡ್‌ಫೋನಿನ ಕಿವಿಮೆತ್ತೆಗಳು ಕಾಲಕ್ರಮದಲ್ಲಿ ಚಪ್ಪಟೆಯಾಗುತ್ತವೆ, ಬಿರಿಯುತ್ತವೆ. ಸಂದಿನಿಂದ ಗಾಳಿ ಸೋರಿದರೆ ಅದರೊಡನೆ ಮಂದ್ರವೂ ಸೋರಿಹೋಗುತ್ತದೆ. ಮಾಡು ಸೋರುತ್ತಿರುವಾಗ ನೆಲ ಒರೆಸಿದರೆ ಫಲವೇನು? ಹೊಸ ಮೆತ್ತೆ ಹಾಕುವುದೇ ಮೊದಲ ಚಿಕಿತ್ಸೆ. ತಂತಿಯೂ ತುದಿಗಳೂ ಸರಿಯಾಗಿವೆಯೇ, ಎರಡು ಕಿವಿಗಳಿಗೂ ಸಮನಾಗಿ ಕೇಳುತ್ತಿದೆಯೇ ಎಂಬುದನ್ನೂ ನೋಡಬೇಕು.

ಅನಂತರವೇ ತಿದ್ದುಪಡಿ. ವಿಂಡೋಸ್ ಕಂಪ್ಯೂಟರುಗಳಿಗೆ ‘ಈಕ್ವಲೈಸರ್ ಎಪಿಓ’ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. 100 ಹರ್ಟ್ಸ್‌ಗಿಂತ ಕೆಳಗಿನ ಭಾಗವನ್ನು 6 ಡೆಸಿಬೆಲ್ ಏರಿಸಿದೆವೆನ್ನೋಣ. ಆಗ ಆ ಭಾಗದ ಅಲೆಯ ಎತ್ತರ ಸುಮಾರು ಇಮ್ಮಡಿಯಾಗುತ್ತದೆ. ಅದಕ್ಕೆ ಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ಕಂಪ್ಯೂಟರಿನ ಸಂಖ್ಯೆಗಳಿಗಾದರೋ ಮೀರಲಾಗದ ಒಂದು ಗರಿಷ್ಠ ಮಿತಿಯಿದೆ. ಆ ಮಿತಿಯನ್ನು ದಾಟಿದ ಅಲೆಯ ತುದಿ ಕತ್ತರಿಸಿಹೋಗಿ ದನಿ ಒಡೆಯುತ್ತದೆ. ಆದುದರಿಂದ ಎಷ್ಟು ಏರಿಸಿದೆವೋ ಅಷ್ಟನ್ನು ಒಟ್ಟು ದನಿಯಲ್ಲಿ ಮೊದಲೇ ಇಳಿಸಿಡಬೇಕು. ಇದನ್ನು ಮರೆತವರು ಹೆಡ್‌ಫೋನನ್ನು ಹಳಿಯುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ.

ತಿದ್ದುಪಡಿಯ ಫಲವನ್ನು ನಿರ್ಣಯಿಸುವುದರಲ್ಲಿಯೂ ಎಚ್ಚರ ಅಗತ್ಯ. ಒಂದೇ ಹಾಡನ್ನು ತುಸು ಜೋರಾಗಿ ಕೇಳಿದರೆ ಅದೇ ಚೆಂದವೆಂದು ಮನಸ್ಸಿಗೆ ತೋರುತ್ತದೆ. ಇದಲ್ಲದೆ, ದನಿ ತಗ್ಗಿದಂತೆಲ್ಲ ಮಂದ್ರವು ಕಿವಿಗೆ ಮತ್ತಷ್ಟು ಕ್ಷೀಣವಾಗಿ ಕೇಳುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ತೋರಿಸಿಕೊಟ್ಟಿದ್ದರು. ಆದಕಾರಣ ತಿದ್ದುವ ಮುನ್ನಿನ ದನಿಯನ್ನೂ ತಿದ್ದಿದ ದನಿಯನ್ನೂ ಒಂದೇ ಮಟ್ಟಕ್ಕೆ ತಂದು ಹೋಲಿಸುವುದು ನ್ಯಾಯ. ಏರಿಸುವುದಕ್ಕಿಂತ ಅತಿರೇಕವಾದುದನ್ನು ತಗ್ಗಿಸುವುದು ಮೇಲು. ದೊಡ್ಡ ತಿದ್ದುಪಡಿಗಿಂತ ಸಣ್ಣದು ಮೇಲು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿಯೂ ಸಲ್ಲುತ್ತದೆ.

ಈಕ್ವಲೈಸರಿನ ಶಕ್ತಿಗೂ ಒಂದು ಎಲ್ಲೆಯುಂಟು. ಹರಿದ ಪೊರೆಯನ್ನು ಅದು ಹೊಲಿಯಲಾರದು; ಮುದ್ರಣದಲ್ಲಿಯೇ ಇಲ್ಲದ ನಾದವನ್ನು ಹುಟ್ಟಿಸಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಕೆಟ್ಟ ಕಿವಿಯನ್ನು ಅದು ಮೊದಲಿನಂತೆ ಮಾಡಲಾರದು. ನಮ್ಮ ಒಳಕಿವಿಯಲ್ಲಿ ಕೇಳುವಿಕೆಗೆ ಕಾರಣವಾದ ರೋಮಕೋಶಗಳು ಇರುವುದು ಸುಮಾರು 15,000 ಮಾತ್ರ. ಅತಿಯಾದ ಸದ್ದಿಗೆ ಅವು ಸತ್ತರೆ ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾನಕದಂತೆ, ವಯಸ್ಕರು 80 ಡೆಸಿಬೆಲ್ ಮಟ್ಟದ ಶಬ್ದವನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಮಟ್ಟವು 90 ಡೆಸಿಬೆಲ್‌ಗೆ ಏರಿದರೆ ಆ ಅವಧಿ ಕೇವಲ 4 ಗಂಟೆಗೆ ಇಳಿಯುತ್ತದೆ. ಮಂದ್ರ ಸಾಲದೆಂದು ಒಟ್ಟು ದನಿಯನ್ನೇ ಏರಿಸುವವನು ತನ್ನ ಕಿವಿಯನ್ನು ಬೆಲೆಯಾಗಿ ತೆರುತ್ತಾನೆ. ಕೊರತೆಯಿರುವಲ್ಲಿ ಮಾತ್ರ ಅಳತೆಯರಿತು ತಿದ್ದಿಕೊಂಡವನು ತಗ್ಗಿದ ದನಿಯಲ್ಲಿಯೇ ತೃಪ್ತಿ ಪಡೆಯಬಲ್ಲನು.

ಹಳೆಯದೆಂಬ ಒಂದೇ ಕಾರಣಕ್ಕೆ ಉಪಯುಕ್ತ ವಸ್ತುಗಳನ್ನು ಕಸದ ರಾಶಿಗೆ ಎಸೆಯುವುದು ಇಂದು ರೂಢಿಯಾಗಿದೆ. ದೋಷ ಯಾವುದು, ಅದರ ಮೂಲ ಎಲ್ಲಿ, ಅದಕ್ಕೆ ತಕ್ಕ ಪರಿಹಾರ ಎಷ್ಟು ಎಂದು ವಿಚಾರಿಸುವ ತಾಳ್ಮೆಯಿದ್ದರೆ ಅನೇಕ ಹಳೆಯ ಸಾಧನಗಳು ಇನ್ನೂ ಬಹುಕಾಲ ಬಾಳಿಯಾವು. ಹೆಡ್‌ಫೋನು ಸವೆದರೆ ಮತ್ತೊಂದನ್ನು ಕೊಳ್ಳಬಹುದು, ಕಿವಿಗೆ ಬದಲಿಯಿಲ್ಲ.

ಅಭ್ಯಾಸ

1. ಈಕ್ವಲೈಸರ್ ಎಂಬ ಹೆಸರು ಹೇಗೆ ಬಂದಿತು?
2. ಎಚ್‌ಡಿ 600 ಹೆಡ್‌ಫೋನಿನಲ್ಲಿ ಮಂದ್ರನಾದ ಕಡಿಮೆಯಾಗಲು ಕಾರಣವೇನು?
3. ಮಂದ್ರವನ್ನು ಏರಿಸುವಾಗ ಒಟ್ಟು ದನಿಯನ್ನು ಇಳಿಸಿಡಬೇಕು, ಏಕೆ?
4. ‘ಮಾಡು ಸೋರುತ್ತಿರುವಾಗ ನೆಲ ಒರೆಸಿದರೆ ಫಲವೇನು?’ ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.