ಎರಡು ಗ್ರಾಫಿಕ್ಸ್ ಕಾರ್ಡುಗಳ ಬಲಾಬಲ

ಜಾತ್ರೆಯಲ್ಲಿ ಎತ್ತನ್ನು ಕೊಳ್ಳಲು ಹೋದ ರೈತನು ಅದರ ಹಲ್ಲನ್ನು ಎಣಿಸುತ್ತಾನೆ, ಸುಳಿಯನ್ನು ನೋಡುತ್ತಾನೆ, ಬೆನ್ನನ್ನು ತಟ್ಟುತ್ತಾನೆ. ಇಷ್ಟೆಲ್ಲ ಆದಮೇಲೂ ಅದನ್ನು ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಸಿ ನೋಡದೆ ಹಣ ಕೊಡುವುದಿಲ್ಲ. ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡನ್ನು ಕೊಳ್ಳುವವರಾದರೋ ಸಾವಿರಾರು ರೂಪಾಯಿಗಳನ್ನು ತೆರುವಾಗಲೂ ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಗಳನ್ನು ಓದಿಯೇ ಅನೇಕ ವೇಳೆ ತೃಪ್ತರಾಗುವರು. ಆ ಸಂಖ್ಯೆಗಳು ಸುಳ್ಳಲ್ಲ. ಆದರೆ ಅವು ಏನನ್ನು ಹೇಳುವುವು, ಏನನ್ನು ಹೇಳಲಾರವು ಎಂಬುದನ್ನು ಒಂದು ನಿಜವಾದ ಉದಾಹರಣೆಯ ಮೂಲಕ ವಿಚಾರ ಮಾಡೋಣ.

ಕಾರ್ಡು ಮಾಡುವ ಕೆಲಸ

ಕಂಪ್ಯೂಟರಿನ ತೆರೆಯ ಮೇಲೆ ನಾವು ಕಾಣುವ ಚಿತ್ರವು ಅಸಂಖ್ಯಾತ ಬಿಂದುಗಳ ಸಮೂಹ. ಅಡ್ಡಲಾಗಿ 1920, ಮೇಲಿನಿಂದ ಕೆಳಕ್ಕೆ 1080 ಬಿಂದುಗಳಿರುವ ತೆರೆಯಲ್ಲಿ ಒಟ್ಟು 20,73,600 ಬಿಂದುಗಳಿರುತ್ತವೆ. ಆಟವೊಂದರಲ್ಲಿ ಚಲನೆಯು ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ ಸುಮಾರು 60 ಚಿತ್ರಗಳಾದರೂ ಬೇಕು ಎಂದಿಟ್ಟುಕೊಳ್ಳೋಣ. ಆಗ ಪ್ರತಿ ಸೆಕೆಂಡಿಗೂ 12 ಕೋಟಿ 44 ಲಕ್ಷಕ್ಕೂ ಹೆಚ್ಚು ಬಿಂದುಗಳ ಬಣ್ಣವನ್ನು ನಿರ್ಧರಿಸಬೇಕಾಗುವುದು. ಒಂದು ಬಿಂದುವಿನ ಲೆಕ್ಕವು ಬಹುಮಟ್ಟಿಗೆ ಇನ್ನೊಂದರ ಉತ್ತರಕ್ಕಾಗಿ ಕಾಯಬೇಕಾಗಿಲ್ಲ. ಆದುದರಿಂದಲೇ ಸಾವಿರಾರು ಸಣ್ಣ ಗಣನ ಘಟಕಗಳನ್ನು ಒಂದೇ ಬಿಲ್ಲೆಯಲ್ಲಿ ಸೇರಿಸಿ, ಏಕಕಾಲದಲ್ಲಿ ದುಡಿಸುವುದು ಸಾಧ್ಯವಾಗಿದೆ. ಅಂಥ ಬಿಲ್ಲೆಯನ್ನೂ ಅದಕ್ಕೆ ಬೇಕಾದ ಸ್ಮೃತಿಯನ್ನೂ ಹೊತ್ತಿರುವ ಫಲಕವೇ ಗ್ರಾಫಿಕ್ಸ್ ಕಾರ್ಡು.

ಕಾಗದದ ಮೇಲಿನ ಹೋಲಿಕೆ

2016ನೆಯ ಇಸವಿಯ ಜೂನ್ ಕೊನೆಯಲ್ಲಿ ಎ.ಎಂ.ಡಿ. ಸಂಸ್ಥೆಯ ರೇಡಿಯಾನ್ ಆರ್.ಎಕ್ಸ್. 480 ಎಂಬ ಕಾರ್ಡು ಮಾರುಕಟ್ಟೆಗೆ ಬಂದಿತು. ಮೂರು ವಾರಗಳೊಳಗಾಗಿ ಎನ್ವಿಡಿಯಾ ಸಂಸ್ಥೆಯ ಜೀಫೋರ್ಸ್ ಜಿ.ಟಿ.ಎಕ್ಸ್. 1060 ಅದಕ್ಕೆ ಎದುರಾಳಿಯಾಗಿ ಬಂದಿತು. ಇಂದು ಇವೆರಡೂ ಹಳೆಯವು. ಆದರೂ ಹೋಲಿಕೆಯ ಪಾಠಕ್ಕೆ ಇವುಗಳಿಗಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ರೇಡಿಯಾನಿನಲ್ಲಿ ಗಣನ ಘಟಕಗಳು 2304. ಅದರ ಗರಿಷ್ಠ ಮಿಡಿತ 1266 ಮೆಗಾಹರ್ಟ್ಸ್. ಜೀಫೋರ್ಸಿನಲ್ಲಿ ಘಟಕಗಳು 1280 ಮಾತ್ರ. ಆದರೆ ಮಿಡಿತ 1708 ಮೆಗಾಹರ್ಟ್ಸ್. ಪ್ರತಿಯೊಂದು ಘಟಕವೂ ಒಂದು ಮಿಡಿತದಲ್ಲಿ ಒಂದು ಗುಣಾಕಾರವನ್ನೂ ಒಂದು ಸಂಕಲನವನ್ನೂ ಮಾಡಬಲ್ಲುದು. ಆದುದರಿಂದ ಘಟಕಗಳ ಸಂಖ್ಯೆಯನ್ನು ಮಿಡಿತದಿಂದ ಗುಣಿಸಿ, ಬಂದುದನ್ನು ಇಮ್ಮಡಿಸಿದರೆ ಗರಿಷ್ಠ ಸಾಮರ್ಥ್ಯ ದೊರೆಯುತ್ತದೆ. ಈ ರೀತಿಯಲ್ಲಿ ರೇಡಿಯಾನಿಗೆ ಸೆಕೆಂಡಿಗೆ ಸುಮಾರು 5.8 ಲಕ್ಷ ಕೋಟಿ, ಜೀಫೋರ್ಸಿಗೆ ಸುಮಾರು 4.4 ಲಕ್ಷ ಕೋಟಿ ಲೆಕ್ಕಗಳು. ಸ್ಮೃತಿಯೊಡನೆ ನಡೆಯುವ ವಿನಿಮಯದಲ್ಲಿಯೂ 8 ಗಿಗಾಬೈಟ್ ಸ್ಮೃತಿಯ ರೇಡಿಯಾನ್ ಮುಂದು: ಸೆಕೆಂಡಿಗೆ 256 ಗಿಗಾಬೈಟ್. 6 ಗಿಗಾಬೈಟಿನ ಜೀಫೋರ್ಸಿಗೆ 192. ಕಾಗದವನ್ನೇ ನಂಬುವುದಾದರೆ ರೇಡಿಯಾನ್ ಮೂರನೆಯ ಒಂದು ಪಾಲಿನಷ್ಟು ಮೇಲು ಎಂದು ತೀರ್ಪು ಕೊಡಬೇಕಾಗುವುದು.

ನಡೆದುದೇನು?

ಆ ವರ್ಷದ ಬಹುಪಾಲು ಆಟಗಳಲ್ಲಿ ಜೀಫೋರ್ಸೇ ಸ್ವಲ್ಪ ಮುಂದಿತ್ತು! ಇದಕ್ಕೆ ಕಾರಣವೇನು? ಘಟಕಗಳು ಎಷ್ಟಿವೆ ಎಂಬುದು ಒಂದು ಮಾತು. ಅವುಗಳಲ್ಲಿ ಎಷ್ಟು ನಿಜವಾಗಿ ಕೆಲಸದಲ್ಲಿ ತೊಡಗಿವೆ ಎಂಬುದು ಇನ್ನೊಂದು. ಗದ್ದೆಗೆ ನೂರು ಆಳುಗಳು ಬಂದಿದ್ದರೂ ನಾಟಿಯ ಸಸಿ ಐವತ್ತು ಮಂದಿಗೆ ಸಾಲುವಷ್ಟೇ ಬರುತ್ತಿದ್ದರೆ ಉಳಿದವರು ಬದುವಿನ ಮೇಲೆ ಕುಳಿತಿರಬೇಕಷ್ಟೆ. ಅಂದಿನ ಆಟಗಳಲ್ಲಿ ಬಹಳವು ಡೈರೆಕ್ಟ್ ಎಕ್ಸ್ 11 ಎಂಬ ಪದ್ಧತಿಯನ್ನು ಅನುಸರಿಸಿದ್ದುವು. ಅದರಲ್ಲಿ ಕೆಲಸವನ್ನು ಹಂಚುವ ಹೊಣೆಯು ಡ್ರೈವರ್ ಎಂಬ ತಂತ್ರಾಂಶದ ಮೇಲೆ ಬೀಳುತ್ತಿತ್ತು. ಈ ಹಂಚಿಕೆಯಲ್ಲಿ ಎನ್ವಿಡಿಯಾದ ಡ್ರೈವರ್ ಹೆಚ್ಚು ಚುರುಕಾಗಿತ್ತು.

ಅದೇ ವರ್ಷದ ಜುಲೈ ತಿಂಗಳಲ್ಲಿ ಡೂಮ್ ಎಂಬ ಆಟಕ್ಕೆ ವಲ್ಕನ್ ಎಂಬ ಹೊಸ ಪದ್ಧತಿಯನ್ನು ಅಳವಡಿಸಿದರು. ಇದರಲ್ಲಿ ಆಟವನ್ನು ಬರೆದವರೇ ಕಾರ್ಡಿನ ಘಟಕಗಳಿಗೆ ಕೆಲಸವನ್ನು ನೇರವಾಗಿ ಹಂಚಬಹುದು. ಬಿಡುವಾಗಿರುವ ಘಟಕಗಳಿಗೆ ಬೇರೆ ಲೆಕ್ಕವನ್ನು ಒಪ್ಪಿಸಬಹುದು. ಆಗ ರೇಡಿಯಾನ್ ಗಮನಾರ್ಹವಾಗಿ ಮುಂದಕ್ಕೆ ಬಂದಿತು. ಎಥೀರಿಯಮ್ ಎಂಬ ಅಂಕೀಯ ನಾಣ್ಯದ ಗಣಿಗಾರಿಕೆಯು 2022ರಲ್ಲಿ ನಿಲ್ಲುವವರೆಗೂ ಸ್ಮೃತಿಯ ವೇಗವನ್ನೇ ಬಹುವಾಗಿ ಅವಲಂಬಿಸಿತ್ತು. ಅಲ್ಲಿಯೂ ರೇಡಿಯಾನೇ ಮೇಲು. ಆದರೆ ಎನ್ವಿಡಿಯಾದ ಕ್ಯುಡಾ ಪದ್ಧತಿಗಾಗಿಯೇ ಬರೆದ ಗಣಿತ ಕಾರ್ಯಕ್ರಮವು ರೇಡಿಯಾನಿನಲ್ಲಿ ಹಾಗೆಯೇ ನಡೆಯದು. ಅಂಥ ಕೆಲಸವಿರುವ ವಿದ್ಯಾರ್ಥಿಗೆ ಅದರ 5.8 ಲಕ್ಷ ಕೋಟಿಯಿಂದ ಏನೂ ಪ್ರಯೋಜನವಿಲ್ಲ. ಕಾರ್ಡುಗಳು ಅವೇ ಎರಡು. ಕೆಲಸ ಬದಲಾದಂತೆ ತೀರ್ಪೂ ಬದಲಾಯಿತೆಂಬುದನ್ನು ಓದುಗರು ಗಮನಿಸಬೇಕು.

ಸರಿಯಾಗಿ ಅಳೆಯುವ ಬಗೆ

ಹಾಗಾದರೆ ಹೋಲಿಸುವುದು ಹೇಗೆ? ವಿಜ್ಞಾನದ ಹಳೆಯ ನಿಯಮವೇ ಇಲ್ಲಿಯೂ ಸಲ್ಲುವುದು: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಕಂಪ್ಯೂಟರ್, ಆಟ, ದೃಶ್ಯ, ತೆರೆಯ ಬಿಂದುಗಳ ಸಂಖ್ಯೆ ಎಲ್ಲವೂ ಒಂದೇ ಆಗಿರಬೇಕು. ಬದಲಾಗತಕ್ಕದ್ದು ಕಾರ್ಡು ಮತ್ತು ಅದಕ್ಕೆ ತಕ್ಕ ಡ್ರೈವರ್ ಮಾತ್ರ. ಕಂಪ್ಯೂಟರಿನ ಪ್ರೊಸೆಸರು ನಿಧಾನವಾಗಿದ್ದರೆ ಕಾರ್ಡುಗಳ ವ್ಯತ್ಯಾಸವೇ ಮರೆಯಾದೀತು. ದೋಸೆಯ ಹಿಟ್ಟು ಸಾವಕಾಶವಾಗಿ ಬರುತ್ತಿದ್ದರೆ, ಸಣ್ಣ ಕಾವಲಿಯಾದರೇನು, ದೊಡ್ಡದಾದರೇನು, ಗಂಟೆಗೆ ಬೇಯುವ ದೋಸೆ ಅಷ್ಟೇ. ಕಾರ್ಡು ಬಿಸಿಯೇರಿದಂತೆ ಅದರ ಮಿಡಿತ ತಗ್ಗಬಹುದಾದುದರಿಂದ, ಕೆಲವು ನಿಮಿಷ ದುಡಿಸಿದ ಬಳಿಕವೇ ಅಳೆದು, ಅದನ್ನು ಹಲವು ಸಲ ಪುನರಾವರ್ತಿಸಬೇಕು.

ಸರಾಸರಿಯೊಂದನ್ನೇ ನೋಡುವುದೂ ಸಾಲದು. ಒಂದು ಕಾರ್ಡು ಸೆಕೆಂಡಿನ 60 ಚಿತ್ರಗಳನ್ನು ಸಮನಾಗಿ, ಒಂದೊಂದನ್ನೂ 16.7 ಮಿಲಿಸೆಕೆಂಡಿನಲ್ಲಿ ಬಿಡಿಸುವುದೆಂದು ಭಾವಿಸಿ. ಇನ್ನೊಂದು 59 ಚಿತ್ರಗಳನ್ನು ಮುಕ್ಕಾಲು ಸೆಕೆಂಡಿನಲ್ಲಿ ಮುಗಿಸಿ, ಅರುವತ್ತನೆಯದಕ್ಕೆ ಕಾಲು ಸೆಕೆಂಡು ತೆಗೆದುಕೊಳ್ಳಲಿ. ಎರಡರ ಸರಾಸರಿಯೂ 60. ಆದರೆ ಎರಡನೆಯದರಲ್ಲಿ ಚಿತ್ರವು ತಡವರಿಸಿ ನಿಂತುದನ್ನು ಕಣ್ಣು ಒಡನೆ ಗುರುತಿಸುವುದು. ಆದುದರಿಂದ ತಿಳಿದ ಪರೀಕ್ಷಕರು ಅತಿ ನಿಧಾನವಾದ ನೂರನೆಯ ಒಂದು ಪಾಲು ಚಿತ್ರಗಳ ಲೆಕ್ಕವನ್ನು ಬೇರೆಯಾಗಿ ಕೊಡುವರು.

ವಿದ್ಯುತ್ತಿನ ಖರ್ಚನ್ನೂ ಮರೆಯಬಾರದು. ಜೀಫೋರ್ಸಿಗೆ ಗೊತ್ತುಮಾಡಿದ ಮಿತಿ 120 ವಾಟ್, ರೇಡಿಯಾನಿಗೆ 150. ಎರಡೂ ತಮ್ಮ ಮಿತಿಯಷ್ಟೇ ವಿದ್ಯುತ್ತನ್ನು ಬಳಸಿ ಸೆಕೆಂಡಿಗೆ 60 ಚಿತ್ರಗಳನ್ನು ಕೊಟ್ಟರೆ, ಚಿತ್ರವೊಂದಕ್ಕೆ ಮೊದಲನೆಯದು 2 ಜೂಲ್, ಎರಡನೆಯದು 2.5 ಜೂಲ್ ಶಕ್ತಿಯನ್ನು ವೆಚ್ಚಮಾಡಿದಂತಾಯಿತು. ಹೆಚ್ಚಿನ ಶಕ್ತಿಯೆಲ್ಲವೂ ಕೋಣೆಗೆ ಶಾಖವಾಗಿ ಸೇರುವುದು.

ಈಚೆಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯವಾಗಿದೆ. 2022ರಿಂದ ಈಚಿನ ಕೆಲವು ಕಾರ್ಡುಗಳು, ಲೆಕ್ಕಮಾಡಿ ಬಿಡಿಸಿದ ಎರಡು ಚಿತ್ರಗಳ ನಡುವೆ ಊಹೆಯಿಂದ ರಚಿಸಿದ ಚಿತ್ರವನ್ನು ಸೇರಿಸಬಲ್ಲುವು. ಇದರಿಂದ ಚಲನೆ ನಯವಾಗುವುದು ದಿಟ. ಆದರೆ ಆಡುವವನ ಕೈಗೆ ಆಟವು ಪ್ರತಿಕ್ರಿಯೆ ತೋರಿಸುವ ವೇಗವು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಅಂಥ ಚಿತ್ರಗಳನ್ನು ಸೇರಿಸಿ ಎಣಿಸಿದ ಸಂಖ್ಯೆಯನ್ನು, ಸೇರಿಸದೆ ಎಣಿಸಿದ ಸಂಖ್ಯೆಯೊಡನೆ ಹೋಲಿಸುವುದು ಸೇರನ್ನು ಪಾವಿನೊಡನೆ ಹೋಲಿಸಿದಂತೆ.

ಕಾರ್ಡನ್ನು ಕೊಳ್ಳಲು ಹೊರಟವರು ಮೊದಲು ತಮ್ಮ ಕೆಲಸವೇನು, ತಮ್ಮ ತೆರೆಯಲ್ಲಿ ಎಷ್ಟು ಬಿಂದುಗಳಿವೆ, ತಮ್ಮ ಪ್ರೊಸೆಸರು ಎಂಥದು ಎಂಬುದನ್ನು ಬರೆದಿಟ್ಟುಕೊಳ್ಳಲಿ. ಬಳಿಕ ಆ ಕೆಲಸದಲ್ಲಿಯೇ, ಆ ತೆರೆಯಲ್ಲಿಯೇ, ಅಂಥ ಪ್ರೊಸೆಸರಿನೊಡನೆಯೇ ಎರಡು ಕಾರ್ಡುಗಳನ್ನೂ ಅಳೆದಿರುವ ಪರೀಕ್ಷೆಯನ್ನು ಹುಡುಕಲಿ. ಪೆಟ್ಟಿಗೆಯ ಮೇಲಿನ ಸಂಖ್ಯೆಗಳನ್ನು ಓದುವುದು ಅದಾದಮೇಲೆ.