ಮೂರು ಪತ್ರಿಕೆ, ಒಂದು ನಾಲೆ

ಪತ್ರಿಕೆ ಓದಿದರೆ ಸಂಗತಿ ತಿಳಿದಂತೆಯೇ ಎಂದು ನಾನು ಬಹುಕಾಲ ನಂಬಿದ್ದೆ. 2025ರ ಜೂನ್‌ನಲ್ಲಿ ಭದ್ರಾ ಬಲದಂಡೆ ನಾಲೆಯ ಗಲಾಟೆ ಎದ್ದಾಗ ಆ ನಂಬಿಕೆ ಸಡಿಲಿತು. ಹೊಸದುರ್ಗ, ತರೀಕೆರೆ ಮೊದಲಾದ ಕಡೆಗೆ ಕುಡಿಯುವ ನೀರೊಯ್ಯಲು ನಾಲೆಯನ್ನು ಸೀಳುತ್ತಾರೆಂದು ದಾವಣಗೆರೆ ಸೀಮೆಯ ರೈತರು ಬೀದಿಗಿಳಿದರು. ಕಾಂಗ್ರೆಸ್ ಸರ್ಕಾರ ಯೋಜನೆಯನ್ನು ಸಮರ್ಥಿಸಿತು, ಭಾಜಪ ವಿರೋಧಿಸಿತು.

ನಮ್ಮ ಗದ್ದೆ ಇರುವುದು ಹರಿಹರ ತಾಲ್ಲೂಕಿನ ಮಲೇಬೆನ್ನೂರು ಕಡೆ, ನಾಲೆಯ ಕೊನೆಭಾಗದಲ್ಲಿ. ಹಾಸ್ಟೆಲಿನ ನನ್ನ ಕೊಠಡಿಯ ಗೆಳೆಯನಾದರೋ ಹೊಸದುರ್ಗದವನು. "ನಿಮಗೆ ಭತ್ತದ ಚಿಂತೆ, ನಮ್ಮವ್ವಗೆ ಕೊಡದ ಚಿಂತೆ" ಎಂದು ಅವನೊಂದು ರಾತ್ರಿ ಅಂದಮೇಲೆ ಎರಡು ದಿನ ನಮ್ಮೊಳಗೆ ಮಾತಿಲ್ಲ. ಅವನು ಓದುತ್ತಿದ್ದ ಪತ್ರಿಕೆಯೂ ಬೇರೆ, ನನ್ನದೂ ಬೇರೆ.

ಕೊನೆಗೆ ಒಂದೇ ದಿನದ ಮೂರು ಪತ್ರಿಕೆಗಳ ವರದಿಗಳನ್ನು ಕೃತಕ ಬುದ್ಧಿಮತ್ತೆಯ ಮುಂದಿಟ್ಟೆವು. ಒಂದು ಸರ್ಕಾರದ ಕಡೆ ವಾಲಿದ್ದು, ಒಂದು ವಿರೋಧಪಕ್ಷದ ಕಡೆಯದು, ಮತ್ತೊಂದು ಎರಡೂ ಅಲ್ಲದ್ದು. ಮೊದಲು ದಡ್ಡತನದಿಂದ "ಯಾರದು ಸರಿ?" ಎಂದು ಕೇಳಿದೆ. ಮದುವೆಮನೆಯ ಹಿರಿಯರಂತೆ ಅದು ಇಬ್ಬರಿಗೂ ನೋವಾಗದ ಮಾತಾಡಿತು. ಆಮೇಲೆ ಪ್ರಶ್ನೆ ಬದಲಿಸಿದೆವು: ಯಾರ ಮಾತಿಗೆ ಎಷ್ಟು ಸಾಲು? ಕಾಮಗಾರಿಗೆ ಯಾವ ಕ್ರಿಯಾಪದ? ಮೊದಲ ಪ್ಯಾರಾದಲ್ಲಿ ಯಾವ ಅಂಕಿ?

ಈಗ ಫಲ ದೊರೆಯಿತು. ಒಂದರಲ್ಲಿ ನಾಲೆಯನ್ನು 'ಸೀಳಿ'ದ್ದರು. ಇನ್ನೊಂದರಲ್ಲಿ ಅದೇ ಜಾಗದಿಂದ ನೀರು 'ಪೂರೈಸು'ತ್ತಿದ್ದರು. ಜಲಾಶಯದ ಸಾಮರ್ಥ್ಯ 71.5 ಟಿಎಂಸಿ ಎಂಬುದನ್ನು ಎರಡೂ ಬರೆದಿದ್ದವು. ಒಂದಕ್ಕೆ ಅದು ಧಾರಾಳ, ಇನ್ನೊಂದಕ್ಕೆ ಸಾಲದು. ಸುಳ್ಳು ಯಾವುದರಲ್ಲೂ ಇರಲಿಲ್ಲವೆಂಬುದೇ ನನಗೆ ಸೋಜಿಗ.

ಆದರೆ ಯಂತ್ರ ಇಂಜಿನಿಯರೊಬ್ಬರ ಬಾಯಿಗೆ ಒಂದು ವಾಕ್ಯ ಹಾಕಿತ್ತು. ಮೂರೂ ವರದಿಗಳನ್ನು ಬೆರಳಿಟ್ಟು ಓದಿದೆವು. ಆ ವಾಕ್ಯ ಎಲ್ಲಿಯೂ ಇಲ್ಲ! ಅಪಾರ ಬರಹಗಳಿಂದ ಕಲಿತು, ಮುಂದೆ ಯಾವ ಪದ ಬಂದೀತೆಂದು ಊಹಿಸುತ್ತ ಹೋಗುವುದು ಅದರ ರೀತಿಯಷ್ಟೆ; ಇಂಜಿನಿಯರು ಹೀಗೆ ಹೇಳಿಯಾರು ಎಂಬುದನ್ನೇ ಹೇಳಿದರು ಎಂದುಬಿಟ್ಟಿತು. ಆದ್ದರಿಂದ ಅದು ಕೊಟ್ಟ ಪ್ರತಿ ಸಾಲಿಗೂ ಮೂಲವನ್ನು ತೋರಿಸೆಂದು ಕೇಳತಕ್ಕದ್ದು, ತೋರಿಸಿದ ಮೇಲೂ ನೋಡತಕ್ಕದ್ದು. ನಮಗೆ ಒಂದು ಸಂಜೆಯೆಲ್ಲ ಹಿಡಿಯಿತು.

ಇನ್ನೊಂದು ಮಾತು. ಅಚ್ಚಾದುದನ್ನು ಮಾತ್ರ ಅದು ಹೋಲಿಸಬಲ್ಲದು. ದಾವಣಗೆರೆ ನಗರ ಹರಿಹರದ ಬಳಿಯ ತುಂಗಭದ್ರೆಯ ನೀರನ್ನಷ್ಟೇ ಅಲ್ಲ, ಕುಂದವಾಡ ಕೆರೆಗೆ ಹರಿದುಬರುವ ಇದೇ ಭದ್ರಾ ನಾಲೆಯ ನೀರನ್ನೂ ಕುಡಿಯುತ್ತದೆ. ಆ ಸಂಗತಿ ಮೂರರಲ್ಲೂ ಇರಲಿಲ್ಲವಾಗಿ ಯಂತ್ರದ ಪಟ್ಟಿಯಲ್ಲೂ ಬರಲಿಲ್ಲ. ಅದು ನೆನಪಾದದ್ದು ನನಗೆ, ಲೋಟ ಎತ್ತಿದಾಗ. ಹೇಳಿದೆ. ಗೆಳೆಯ ನಕ್ಕು, "ಹಾಗಾದರೆ ಒಂದು ವರ್ಷದಿಂದ ನಿಮ್ಮ ಗದ್ದೆಯ ನೀರು ನಾನೂ ಕುಡಿದೆನಲ್ಲೋ" ಎಂದ.

ಬಳಿಕ ಪಟ್ಟಿಯ ಕೆಳಗೆ ಪೆನ್ಸಿಲಿನಿಂದ ಎರಡು ಹೆಸರು ಬರೆದ: ಮಲೇಬೆನ್ನೂರು, ಹೊಸದುರ್ಗ. ನಾಯಕರೂ ಅಧಿಕಾರಿಗಳೂ ಮಾತಾಡಿದ್ದ ಆ ಮೂರು ವರದಿಗಳಲ್ಲಿ ಈ ಎರಡು ಊರಿನವರ ಒಂದು ಮಾತೂ ಇರಲಿಲ್ಲ.